20 ಗ್ಯಾಲನ್ ಲಾಂಗ್ ಟ್ಯಾಂಕ್: ಲೆಪರ್ಡ್ ಗೆಕ್ಕೊಗೆ ಪರವಾಗಿಲ್ಲ, ಬಿಯರ್ಡೆಡ್ ಡ್ರ್ಯಾಗನ್‌ಗೆ ಸಾಲದು, ಆಮೆಗೆ ಬೇಡವೇ ಬೇಡ

ಮೀನು ಸಾಕಿದವರ ಮನೆಯಲ್ಲಿ ಒಂದಾದರೂ ಖಾಲಿ ಟ್ಯಾಂಕ್ ಬಿದ್ದಿರುತ್ತದೆ. ನಮ್ಮ ಬೇಸ್‌ಮೆಂಟಿನಲ್ಲಿ ಇದ್ದದ್ದು 20 ಗ್ಯಾಲನ್ ಲಾಂಗ್. 30 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರ. ಒಂದು ಮೂಲೆಯಲ್ಲಿ ಸಿಲಿಕೋನ್ ಬಿಟ್ಟುಕೊಂಡು ನೀರು ಜಿನುಗುತ್ತಿತ್ತು, ಹಾಗಾಗಿ ಮತ್ತೆ ಮೀನು ಬಿಡುವ ಮಾತಿಲ್ಲ. ಎಸೆಯೋಕೂ ಮನಸ್ಸಿಲ್ಲ. ಹಲ್ಲಿ, ಹಾವು ಸಾಕೋದಕ್ಕೆ ನೀರು ನಿಲ್ಲಬೇಕಾಗಿಲ್ಲವಲ್ಲ, ಅದಕ್ಕೇ ಅಮೆರಿಕದಲ್ಲಿ ಸೋರುವ ಮೀನಿನ ಟ್ಯಾಂಕುಗಳೆಲ್ಲ ಕೊನೆಗೆ ಸರೀಸೃಪಗಳ ಮನೆಯಾಗುತ್ತವೆ. ಈ ರಿವ್ಯೂ ಆ ಟ್ಯಾಂಕಿನದ್ದು. ಜೊತೆಗೆ ನಾವು ಹೋಗಿದ್ದ ಒಂದು ಪೆಟ್ ಅಂಗಡಿಯದ್ದೂ ಹೌದು.

ಮೊದಲು ಅಂಗಡಿ ವಿಷಯ. ಒಹಾಯೊದಲ್ಲಿ ನಮ್ಮ ಮನೆ ಹತ್ತಿರದ ದೊಡ್ಡ ಅಂಗಡಿ, ಹೆಸರು ಬೇಡ. ಒಳಗೆ ಹೋದ ತಕ್ಷಣ ಅಲ್ಲಿನ ಹುಡುಗ ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಹಲ್ಲಿಯ ಬೆರಳುದ್ದದ ಮರಿಯನ್ನು ಮಗಳ ಅಂಗೈ ಮೇಲೆ ಇಟ್ಟುಬಿಟ್ಟ. ಅದು ಕತ್ತು ಓರೆ ಮಾಡಿ ನೋಡಿತು, ಇವಳು ಅಲ್ಲೇ ಕರಗಿಹೋದಳು. ಟ್ಯಾಂಕಿನ ಅಳತೆಯನ್ನು ಅವನು ಕೇಳಲೇ ಇಲ್ಲ. ನಾನಾಗಿ ಹೇಳಿದಾಗ "ಸದ್ಯಕ್ಕೆ ಸಾಕು" ಅಂದ. ಆ ಸದ್ಯ ಎಷ್ಟು ದಿನ ಅನ್ನೋದೇ ಪ್ರಶ್ನೆ. ಈ ಮರಿ ಒಂದು ವರ್ಷದೊಳಗೆ ಒಂದೂವರೆ ಅಡಿ ದಾಟುತ್ತದೆ, ಎರಡು ಅಡಿ ಆಗುವುದೂ ಉಂಟು. ಅದಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮನೆ ಬೇಕು. ಬಿಸಿಲು ಕಾಯುವ ಜಾಗದಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಶಾಖ ಬೇಕು, ಯುವಿಬಿ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ) ಟ್ಯೂಬ್ ಬೇಕು, ಆ ಟ್ಯೂಬು ಉರಿಯುತ್ತಿದ್ದರೂ ಕಾಲಕಾಲಕ್ಕೆ ಬದಲಾಯಿಸಬೇಕು, ಯಾಕಂದರೆ ಬೆಳಕು ಇರುತ್ತದೆ, ಯುವಿಬಿ ಮಾತ್ರ ಕಡಿಮೆಯಾಗಿರುತ್ತದೆ. ಇನ್ನು 30 ಇಂಚು ಉದ್ದದ ಗಾಜಿನ ಡಬ್ಬಿಯಲ್ಲಿ ಒಂದು ತುದಿ ಅಷ್ಟು ಬಿಸಿ ಮಾಡಿದರೆ ಇನ್ನೊಂದು ತುದಿ ತಣ್ಣಗೆ ಉಳಿಯೋದು ಕಷ್ಟ. ಸರೀಸೃಪಕ್ಕೆ ಎರಡೂ ಬೇಕು. ಮೈ ಕಾಯಿಸಿಕೊಳ್ಳೋಕೆ ಒಂದು ಕಡೆ, ತಣಿಸಿಕೊಳ್ಳೋಕೆ ಇನ್ನೊಂದು ಕಡೆ.

ಅದೇ ಊರಿನ ಸರೀಸೃಪ ಸಂತೆಯಲ್ಲಿ (ಇಲ್ಲಿ ಅದನ್ನು ಎಕ್ಸ್‌ಪೋ ಅಂತಾರೆ) ಒಬ್ಬ ಬ್ರೀಡರ್ (ಮರಿ ಮಾಡಿಸಿ ಮಾರುವವರು) ಸಿಕ್ಕರು. ಅವರು ಕೇಳಿದ ಮೊದಲ ಪ್ರಶ್ನೆಯೇ ಟ್ಯಾಂಕಿನ ಉದ್ದ ಅಗಲ. ಎರಡನೆಯದು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ. ಐದು ವರ್ಷದ ಕೆಳಗಿನ ಮಕ್ಕಳಿದ್ದರೆ ಸರೀಸೃಪ ಬೇಡ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳುತ್ತದೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಾರಣಕ್ಕೆ. ಮೂರನೆಯದು, ಹಾವು ತಂದರೆ ಅದರ ಊಟಕ್ಕೆ ಫ್ರೀಜರಿನಲ್ಲಿ ಇಲಿ ಇಡೋಕೆ ತೊಂದರೆ ಇಲ್ಲ ತಾನೇ?

ತೊಂದರೆ ಇದೆ! ಹಾವಿನ ಕಥೆ ಅಲ್ಲಿಗೇ ಮುಗಿಯಿತು. ನಿಜ ಹೇಳಬೇಕೆಂದರೆ ಕಾರ್ನ್ ಸ್ನೇಕ್ ಒಳ್ಳೆಯ ಹಾವು. ಸಾಧು ಸ್ವಭಾವ, ವಿಷ ಇಲ್ಲ, ತಿನ್ನೋದರಲ್ಲಿ ತಕರಾರು ಕಡಿಮೆ. ಮರಿಯಾಗಿದ್ದಾಗ ಈ ಟ್ಯಾಂಕ್ ಸಾಕು. ಆದರೆ ಬೆಳೆದಾಗ ನಾಲ್ಕು ಅಡಿ ಮುಟ್ಟುತ್ತದೆ, ಮುಚ್ಚಳದಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ರಾತ್ರೋರಾತ್ರಿ ಮಾಯ. ಅಟ್ಲಾಂಟಾ ಕಡೆ ಇರುವವರು ಗಮನಿಸಿ, ಜಾರ್ಜಿಯಾದಲ್ಲಿ ಅದು ಅಲ್ಲಿನದೇ ಕಾಡುಹಾವು, ಮನೆಯಲ್ಲಿ ಸಾಕುವ ಹಾಗಿಲ್ಲ. ಬಾಲ್ ಪೈಥಾನ್ ಕೂಡ ನೋಡಿದೆವು. ಅದಕ್ಕೆ ತೇವದ ಗಾಳಿ ಬೇಕು. ನಮ್ಮ ಟ್ಯಾಂಕಿಗೆ ಮೇಲೆ ಬರೀ ಜಾಲರಿ ಮುಚ್ಚಳ, ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ತೇವ ನಿಲ್ಲೋದಿಲ್ಲ. ತಿಂಗಳುಗಟ್ಟಲೆ ಊಟ ಬಿಡೋದು ಆ ಹಾವಿನ ಅಭ್ಯಾಸ, ನನಗೆ ಅಷ್ಟು ಗಟ್ಟಿ ಗುಂಡಿಗೆ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೇಸಿಗೆಗೆ ಅತ್ತೆ ಬಂದಾಗ ಫ್ರೀಜರ್ ತೆಗೆದು ಕಾಯಿತುರಿ ಪ್ಯಾಕೆಟ್ ಹುಡುಕುವಾಗ ಕೈಗೆ ಏನು ಸಿಗುತ್ತದೆ ಅಂತ ಯೋಚನೆ ಮಾಡಿ.

ಸಸ್ಯಾಹಾರಿ ಮನೆಯವರು ಇಲ್ಲಿ ಕ್ರೆಸ್ಟೆಡ್ ಗೆಕ್ಕೊ ಕಡೆ ವಾಲುತ್ತಾರೆ, ನಾವೂ ವಾಲಿದೆವು. ನ್ಯೂ ಕ್ಯಾಲೆಡೋನಿಯಾ ದ್ವೀಪದ ಹಲ್ಲಿ ಇದು. ನಾಶವಾಗಿದೆ ಅಂತಲೇ ತಿಳಿದಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಹಣ್ಣು ಆಧಾರದ ಪುಡಿ ಬರುತ್ತದೆ, ನೀರಲ್ಲಿ ಕಲಸಿ ಇಟ್ಟರೆ ನೆಕ್ಕಿಕೊಂಡು ಇರುತ್ತದೆ. ಮನೆಯ ಸಾಮಾನ್ಯ ಶಾಖವೇ ಅದಕ್ಕೆ ಹಿತ. ಇಷ್ಟೆಲ್ಲ ಅನುಕೂಲ ಇದ್ದೂ ಬಿಟ್ಟದ್ದು ಯಾಕೆ ಅಂದರೆ, ಅದು ಮರ ಹತ್ತುವ ಪ್ರಾಣಿ. ಅದಕ್ಕೆ ಬೇಕಾದದ್ದು ಎತ್ತರ. ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿ ಬಾಗಿಲು ಕೂರಿಸಿಕೊಳ್ಳುವವರೂ ಇದ್ದಾರೆ, ಕೈಯಲ್ಲಿ ಕಸುಬು ಇದ್ದರೆ ಮಾಡಬಹುದು. ನಾನು ಗೋಡೆಗೆ ಮೊಳೆ ಹೊಡೆದರೇ ಓರೆಯಾಗುತ್ತದೆ.

ಆಮೆಯ ಬಗ್ಗೆ ಎರಡೇ ಮಾತು. ಮಗಳಿಗೆ ಬೇಕಾಗಿದ್ದದ್ದು ಕಿವಿ ಹತ್ತಿರ ಕೆಂಪು ಪಟ್ಟಿ ಇರುವ ಸ್ಲೈಡರ್ ಮರಿ. ಚಿಪ್ಪು 4 ಇಂಚಿಗಿಂತ ಚಿಕ್ಕದಿರುವ ಆಮೆಯನ್ನು ಸಾಕೋಕೆ ಅಂತ ಮಾರುವುದು ಅಮೆರಿಕದಲ್ಲಿ 1975ರಿಂದ ನಿಷೇಧ, ಅದೂ ಸಾಲ್ಮೊನೆಲ್ಲಾ ಕಾರಣಕ್ಕೇ. ಮಕ್ಕಳು ಸಣ್ಣ ಆಮೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೆಳೆದ ಹೆಣ್ಣು ಸ್ಲೈಡರ್ ಊಟದ ತಟ್ಟೆಯಷ್ಟು ಅಗಲ ಆಗುತ್ತದೆ. ಚಿಪ್ಪಿನ ಒಂದೊಂದು ಇಂಚಿಗೂ ಹತ್ತು ಗ್ಯಾಲನ್ ನೀರು ಅನ್ನೋದು ಸಾಕುವವರ ಲೆಕ್ಕ. ಸೋರುವ 20 ಗ್ಯಾಲನ್ ಇಟ್ಟುಕೊಂಡು ಆಮೆ ತರೋದು ಹೇಗೆ?

ಕೊನೆಗೆ ಬಂದದ್ದು ಲೆಪರ್ಡ್ ಗೆಕ್ಕೊ. ಪಾಕಿಸ್ತಾನ, ಅಫ್ಘಾನಿಸ್ತಾನ, ನಮ್ಮ ವಾಯುವ್ಯ ಭಾರತದ ಒಣ ಕಲ್ಲುನೆಲದ ಹಲ್ಲಿ. ನಮ್ಮದು ಅಮೆರಿಕದಲ್ಲೇ ಮೊಟ್ಟೆ ಒಡೆದು ಬಂದದ್ದು, ಆ ಬ್ರೀಡರ್ ಹತ್ತಿರವೇ ತಂದೆವು. ಎಂಟು ಒಂಬತ್ತು ಇಂಚು ಆಗುತ್ತದೆ, ಚೆನ್ನಾಗಿ ನೋಡಿಕೊಂಡರೆ 15–20 ವರ್ಷ ಬದುಕುತ್ತದೆ. ಅಂದರೆ ಮಗಳು ಕಾಲೇಜಿಗೆ ಹೋದ ಮೇಲೆ ಹುಳು ಹಾಕುವವನು ನಾನೇ. ಇದರ ಪಾದದಲ್ಲಿ ಅಂಟುವ ಪಟ್ಟಿಗಳಿಲ್ಲ, ಹಾಗಾಗಿ ಗಾಜು ಹತ್ತುವುದಿಲ್ಲ. ನೆಲದ ಮೇಲೇ ಓಡಾಟ. ಈ ತಗ್ಗು, ಉದ್ದ ಟ್ಯಾಂಕ್ ಒಪ್ಪುವುದು ಅದಕ್ಕೇ. ಗೋಡೆ ಹಲ್ಲಿಗೆ ರೆಪ್ಪೆ ಇಲ್ಲ, ಇದಕ್ಕೆ ಇದೆ. ಕಣ್ಣು ಮುಚ್ಚಿ ಮಲಗುತ್ತದೆ, ನೋಡೋಕೆ ಬಹಳ ಮುದ್ದು. ಅತ್ತೆ ವಿಡಿಯೋ ಕಾಲಲ್ಲಿ ನೋಡಿ "ಏನ್ರೀ, ಹಲ್ಲಿಗೆ ದುಡ್ಡು ಕೊಟ್ಟು ತಂದ್ರಾ?" ಅಂದರು. ಲೊಚಗುಟ್ಟೋದಿಲ್ಲ ಅಂತ ಗೊತ್ತಾದ ಮೇಲೆ ಸ್ವಲ್ಪ ಸಮಾಧಾನ.

ದುಡ್ಡಿನ ವಿಷಯಕ್ಕೆ ಬಂದರೆ, ಹಲ್ಲಿಗಿಂತ ಅದರ ಮನೆಗೇ ಜಾಸ್ತಿ. ಟ್ಯಾಂಕ್ ಬಿಟ್ಟಿ ಸಿಕ್ಕಿತು ಅಂತ ಖುಷಿ ಪಡಬೇಡಿ. ಕ್ಲಿಪ್ ಇರುವ ಜಾಲರಿ ಮುಚ್ಚಳ, ಟ್ಯಾಂಕಿನ ಅಡಿಗೆ ಅಂಟಿಸುವ ಹೀಟ್ ಮ್ಯಾಟ್, ಅದರ ಶಾಖ ಹತೋಟಿಯಲ್ಲಿಡೋಕೆ ಥರ್ಮೋಸ್ಟಾಟ್, ಅಡಗಿಕೊಳ್ಳೋಕೆ ಮೂರು ಗೂಡು. ಬಿಸಿ ಕಡೆ ಒಂದು, ತಣ್ಣನೆ ಕಡೆ ಒಂದು, ಒದ್ದೆ ಪಾಚಿ ಹಾಕಿದ್ದು ಒಂದು, ಪೊರೆ ಬಿಡುವಾಗ ಆ ತೇವ ಬೇಕು. ಇಲ್ಲದಿದ್ದರೆ ಬೆರಳ ತುದಿಯಲ್ಲಿ ಪೊರೆ ಉಳಿದು ಬಿಗಿದು, ಬೆರಳೇ ಉದುರಬಹುದು. ಥರ್ಮೋಸ್ಟಾಟ್ ಒಂದನ್ನು ಮಾತ್ರ ಬಿಡಬೇಡಿ. ಮ್ಯಾಟ್ ಸುಮ್ನೆ ಪ್ಲಗ್ಗಿಗೆ ಹಾಕಿದರೆ ಗಾಜು ಕಾದು ಹೊಟ್ಟೆ ಸುಡುತ್ತದೆ, ಇವು ಬಿಸಿ ಅಂತ ಎದ್ದು ಹೋಗದೆ ಅಲ್ಲೇ ಮಲಗಿರುತ್ತವೆ. ಬಿಸಿ ಕಡೆಯ ನೆಲ 90 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ತಣ್ಣನೆ ಕಡೆ 75ರ ಹತ್ತಿರ ಇಟ್ಟಿದ್ದೇವೆ. ಆ ಅಂಗಡಿ ಹುಡುಗ ಕಟ್ಟಿಕೊಡಲು ಹೊರಟಿದ್ದ ಕಿಟ್ಟಿನಲ್ಲಿ ಥರ್ಮೋಸ್ಟಾಟೇ ಇರಲಿಲ್ಲ. ಇದ್ದದ್ದು ಸಣ್ಣ ಮರಳು ಮತ್ತು ಕರೆಂಟಿನ ಬಿಸಿಕಲ್ಲು, ಬಿಸಿಕಲ್ಲಂತೂ ಸುಡೋದಕ್ಕೇ ಹೆಸರುವಾಸಿ. ನೆಲಕ್ಕೆ ನಾವು ಪೇಪರ್ ಟವೆಲ್ ಹಾಸಿದೆವು. ಚಂದ ಇಲ್ಲ, ಆದರೆ ಕೊಳೆಯಾದರೆ ತೆಗೆದು ಎಸೆದರಾಯಿತು. ಟ್ಯಾಂಕಿನ ಹಳೆಯ ಉಪ್ಪುನೀರಿನ ಕಲೆ ವಿನೆಗರ್‌ಗೆ ಹೋಯಿತು, ಸೋಪು ಹಾಕಲಿಲ್ಲ.

ಊಟ ಅಂದರೆ ಹುಳು, ಜೀವ ಇರುವ ಹುಳು. ಇಲ್ಲಿ ಸಸ್ಯಾಹಾರಿ ರಾಜಿ ಇಲ್ಲ. ಕ್ರಿಕೆಟ್ ಹುಳು ರಾತ್ರಿಯೆಲ್ಲ ಕಿರ್ರೆನ್ನುತ್ತದೆ, ನಾರುತ್ತದೆ. ಡೂಬಿಯಾ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಜಿರಳೆ. ಹೆಂಡತಿ ಫೋಟೋ ನೋಡಿಯೇ ಬೇಡ ಅಂದಳು. ಹಾಗಾಗಿ ಹೆಚ್ಚಾಗಿ ಮೀಲ್‌ವರ್ಮ್, ಕ್ಯಾಲ್ಸಿಯಂ ಪುಡಿ ಉದುರಿಸಿ.

ಟ್ಯಾಂಕಿಗೆ ಐದರಲ್ಲಿ ಮೂರು. ತೊಂದರೆ ಎರಡಿವೆ. ಮೇಲಿನಿಂದ ಕೈ ಹಾಕಬೇಕು, ಆಗ ಅದಕ್ಕೆ ಹದ್ದು ಎರಗಿದಂತಾಗುತ್ತದೆ, ಗೂಡಿಗೆ ಓಡುತ್ತದೆ. ಮುಂದೆ ಬಾಗಿಲಿರುವ ಎಕ್ಸೋ ಟೆರಾ ಕಂಪನಿಯ ಥರದ ಟ್ಯಾಂಕುಗಳಲ್ಲಿ ಈ ಗೋಳಿಲ್ಲ. ಇನ್ನೊಂದು, ಅಗಲ ಕಡಿಮೆ. ಮೊದಲು 20 ಲಾಂಗ್ ಸಾಕು ಅನ್ನುತ್ತಿದ್ದವರೇ ಈಗ 36 ಇಂಚು ಉದ್ದ, 18 ಅಗಲ ಇರಲಿ ಅನ್ನುತ್ತಾರೆ, ನನಗೂ ಹೌದು ಅನಿಸುತ್ತದೆ. ಹೊಸದಾಗಿ ಕೊಳ್ಳುವುದಾದರೆ ಆ ಅಳತೆಯದ್ದೇ ಕೊಳ್ಳಿ. ಅಂಗಡಿಗೆ ಒಂದೂವರೆ, ಆ ಅರ್ಧ ಅಂಕ, ಪ್ರಾಣಿಗಳನ್ನು ಚೊಕ್ಕಟವಾಗಿ ಇಟ್ಟದ್ದಕ್ಕೆ.

ಊರಲ್ಲಿ ಇದನ್ನು ಓದುವವರಿಗೆ: ಅಲ್ಲಿನ ಲೆಕ್ಕ ಬೇರೆ. ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದೃಷ್ಟ ಬರುತ್ತದೆ ಅಂತ ಯಾರು ಮಾರಿದರೂ ಅಷ್ಟೇ. 2019ರಿಂದ ಅದು ಸೈಟಿಸ್‌ನ (ಕಾಡುಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಪಟ್ಟಿಯಲ್ಲೂ ಇದೆ. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳನ್ನು, ಉದಾಹರಣೆಗೆ ಬಾಲ್ ಪೈಥಾನ್, ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಸ್ಲೈಡರ್ ದೊಡ್ಡದಾಯಿತು ಅಂತ ದಯವಿಟ್ಟು ಕೆರೆಗೆ ಬಿಡಬೇಡಿ, ಅದು ಅಲ್ಲಿನ ಆಮೆಗಳ ಜಾಗ ಕಿತ್ತುಕೊಳ್ಳುತ್ತದೆ.

ಇನ್ನೊಂದು, ಎಲ್ಲಿದ್ದರೂ ಸರಿ: ಪ್ರಾಣಿ ತರುವ ಮೊದಲೇ ಸರೀಸೃಪ ನೋಡುವ ಡಾಕ್ಟರ್ ಯಾರು ಅಂತ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ನಮ್ಮ ಬೆಕ್ಕು ನೋಡುವ ಡಾಕ್ಟರ್ ಹಲ್ಲಿ ನೋಡೋದಿಲ್ಲ. ನೋಡುವವರು ಸಿಕ್ಕಿದ್ದು ಮುಕ್ಕಾಲು ಗಂಟೆ ಡ್ರೈವ್ ದೂರದಲ್ಲಿ.