ಹಾರ್ಡ್‌ವೇರ್ ಅಂಗಡಿಯ ಮೇಲಿನ ಕಾಫಿ ಅಂಗಡಿ: ಮ್ಯಾನೇಜರ್ ಇರಲಿ ಎನ್ನುವವರೂ, ಹೋಗಲಿ ಎನ್ನುವವರೂ ಕೂರುವ ಜಾಗ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಹನ್ನೊಂದು ಟೇಬಲ್ಲುಗಳ ಒಂದು ಕಾಫಿ ಅಂಗಡಿಯಿದೆ. 2024–25ರ ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನಡೆದಷ್ಟು ಕಾಲವೂ, ಕಾಫಿ ಕೊಯ್ಲಿನ ಕೆಲವು ವಾರಗಳನ್ನು ಬಿಟ್ಟರೆ, ನಾನು ಶನಿವಾರ ಅಥವಾ ಭಾನುವಾರ ಅಲ್ಲಿ ಕುಳಿತು ಪಂದ್ಯ ನೋಡಿದ್ದೇನೆ. ಕೆಲವು ದೂರುಗಳನ್ನೂ ಹೇಳಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಊರಿನ ಫುಟ್‌ಬಾಲ್ ಹುಚ್ಚರಲ್ಲಿ ಯಾರನ್ನು ಕೇಳಿದರೂ ಮೆಟ್ಟಿಲು ತೋರಿಸುತ್ತಾರೆ.

ಮೊದಲು ವ್ಯವಸ್ಥೆಯ ವಿಚಾರ. ಪಂದ್ಯದ ದಿನ ತಲೆಗೆ 150 ರೂಪಾಯಿಯ ಕೂಪನ್ ಕೊಳ್ಳಬೇಕು. ಅಷ್ಟಕ್ಕೂ ತಿಂಡಿ, ಕಾಫಿ ಪಡೆಯಬಹುದು, ಆದರೆ ಉಳಿದ ಹಣ ವಾಪಸು ಬರುವುದಿಲ್ಲ. ಪ್ರೊಜೆಕ್ಟರನ್ನು ನೇರವಾಗಿ ಸುಣ್ಣದ ಗೋಡೆಗೇ ಬಿಡುತ್ತಾರೆ. ಗೋಡೆಯ ಬಲ ಅಂಚಿನಲ್ಲಿ ಆಳೆತ್ತರದ ತೇವದ ಕಲೆಯೊಂದಿದ್ದು, ಅದನ್ನು ಖಾಲಿ ನಿಂತ ಆಟಗಾರನೆಂದು ತಿಳಿದು "ಅವನಿಗೆ ಪಾಸ್ ಕೊಡಬಾರದಿತ್ತೇ?" ಎಂದು ಕೇಳಿದ ಹೊಸಬರೂ ಇದ್ದಾರೆ. ಇಂಟರ್ನೆಟ್ ಮೂಲಕ ಬರುವ ಪ್ರಸಾರ ಅರ್ಧ ನಿಮಿಷದಷ್ಟು ಹಿಂದೆ ಬೀಳುವುದರಿಂದ, ಗೋಡೆಯ ಮೇಲೆ ಚೆಂಡು ಇನ್ನೂ ಮೈದಾನದ ನಡುವೆ ಇರುವಾಗಲೇ ಯಾರದೋ ಜೇಬಿನ ಫೋನು ಗೋಲಿನ ಸುದ್ದಿ ಹೇಳಿಬಿಡುತ್ತಿತ್ತು. ಯಜಮಾನರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು: ಗಲ್ಲಾಪೆಟ್ಟಿಗೆಯ ಪಕ್ಕ ಒಂದು ದೊಡ್ಡ ಸ್ಟೀಲ್ ಡಬರಿ ಇಟ್ಟಿದ್ದಾರೆ, ಒಳಗೆ ಬಂದವರೆಲ್ಲರೂ ಫೋನಿನ ಸದ್ದಡಗಿಸಿ ಅದರೊಳಗೆ ಹಾಕಬೇಕು.

ವೇಳೆಯ ವಿಷಯವನ್ನು ಹೊಸದಾಗಿ ಹೋಗುವವರು ತಿಳಿದಿರಬೇಕು. ಅಂಗಡಿ ರಾತ್ರಿ ಹತ್ತೂವರೆಗೆ ಮುಚ್ಚುತ್ತದೆ. ಇಂಗ್ಲೆಂಡಿನವರು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ, ನಮಗೆ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ ಭಾನುವಾರದ ಪಂದ್ಯ ಹತ್ತಕ್ಕೆ ಶುರುವಾಗುತ್ತದೆ. ಹೀಗಾಗಿ ಚಳಿಗಾಲವಿಡೀ ಆ ಪಂದ್ಯದ ಮೊದಲ ಅರ್ಧ ಗಂಟೆ ಮಾತ್ರ ನಮ್ಮ ಪಾಲಿಗೆ. ರೂಬೆನ್ ಅಮೊರಿಮ್ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆಗಿ ನಡೆಸಿದ ಮೊದಲ ಪಂದ್ಯ, 2024ರ ನವೆಂಬರ್ 24ರಂದು ಇಪ್ಸ್‌ವಿಚ್ ವಿರುದ್ಧದ್ದು, ಇದಕ್ಕೆ ಒಳ್ಳೆಯ ಉದಾಹರಣೆ. ಎರಡನೇ ನಿಮಿಷದಲ್ಲೇ ರಾಶ್‌ಫರ್ಡ್ ಗೋಲು ಹೊಡೆದದ್ದನ್ನು ನೋಡಿ ಅಂಗಡಿಯೇ ಎದ್ದು ಕುಣಿಯಿತು. ಹತ್ತೂವರೆಗೆ ಶಟರ್ ಎಳೆದರು. ಇಪ್ಸ್‌ವಿಚ್ ಸಮಗೋಲು ಹೊಡೆದದ್ದು 43ನೇ ನಿಮಿಷದಲ್ಲಿ. ಹೊಸ ಯುಗವೇ ಶುರುವಾಯಿತೆಂಬ ಉತ್ಸಾಹದಲ್ಲಿ ಮೆಟ್ಟಿಲಿಳಿದ ನಾವು ಮನೆಗೆ ತಲುಪಿ ಫೋನು ನೋಡಿದ ಮೇಲೆಯೇ 1–1 ಎಂದು ತಿಳಿದದ್ದು. ಅಂದಿನ ಕೂಪನ್ ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಕ್ಕಿರೊಟ್ಟಿ, ಕಾಯಿಚಟ್ನಿ ಚೆನ್ನಾಗಿರುತ್ತವೆ, ಮೊಟ್ಟೆ ಬೋಂಡಾ ಸಾಧಾರಣ. ಆಟಕ್ಕೆ ಮುಂಚೆ ಬರುವ ಕಾಫಿ ಹದವಾಗಿರುತ್ತದೆ, ವಿರಾಮದ ನಂತರ ಬರುವುದು ಅದೇ ಪುಡಿಗೆ ಎರಡನೇ ಸಲ ನೀರು ಹೊಯ್ದು ಇಳಿಸಿದ ಡಿಕಾಕ್ಷನ್ನಿನದು. ಕಾಫಿ ಬೆಳೆಯುವ ಊರಿನಲ್ಲಿ ಇದಕ್ಕೆ ಕ್ಷಮೆಯಿಲ್ಲ.

ಇಷ್ಟಾದರೂ ನಾನು ಬೇರೆ ಕಡೆ ಹೋಗದೇ ಇದ್ದದ್ದಕ್ಕೆ ಕಾರಣ, ಯಜಮಾನರು ವಿರಾಮದಲ್ಲಿ ಗೋಡೆಯ ಮೇಲಿನ ಪಂಡಿತರ ಬಾಯಿ ಮುಚ್ಚಿಸುತ್ತಾರೆ. ಧ್ವನಿ ನಿಂತ ಕೂಡಲೇ ಅಂಗಡಿಯೊಳಗಿನ ಪಂಡಿತರು ಬಾಯಿ ತೆರೆಯುತ್ತಾರೆ. ಬರುವವರಲ್ಲಿ ಮುಕ್ಕಾಲು ಪಾಲು ಯುನೈಟೆಡ್ ಅಭಿಮಾನಿಗಳಾದ್ದರಿಂದ ಆ ಸೀಸನ್ನಿನಲ್ಲಿ ಅವರಿಗೆ ಇದ್ದದ್ದು ಒಂದೇ ವಿಷಯ, ಮ್ಯಾನೇಜರನ್ನು ಇನ್ನೂ ಬೆಂಬಲಿಸಬೇಕೋ ಬೇಡವೋ ಎಂಬುದು. ಎರಿಕ್ ಟೆನ್ ಹಾಗ್ 2024ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದರು, ಬೇಸಿಗೆಯಲ್ಲಿ ಅವರ ಒಪ್ಪಂದವನ್ನು ವಿಸ್ತರಿಸಲಾಯಿತು, ಅಕ್ಟೋಬರ್ 28ಕ್ಕೆ ಕೆಲಸವನ್ನೇ ಕಸಿದುಕೊಳ್ಳಲಾಯಿತು. ಅವರ ಜಾಗಕ್ಕೆ ಬಂದ ಅಮೊರಿಮ್ ಮೂವರು ಡಿಫೆಂಡರುಗಳ ತಮ್ಮ ಪದ್ಧತಿಯನ್ನು ಬಿಡಲೊಪ್ಪದೆ, ಬೇರೆಯವರು ಬೇರೆ ಪದ್ಧತಿಗಾಗಿ ಆರಿಸಿದ ಆಟಗಾರರನ್ನು ಅದರೊಳಗೆ ತುರುಕಲು ಹೊರಟರು. ತಂಡ 42 ಅಂಕಗಳೊಂದಿಗೆ 15ನೇ ಸ್ಥಾನಕ್ಕೆ ಇಳಿಯಿತು. ಎರಡನೇ ದರ್ಜೆಗೆ ಜಾರಿದ 1973–74ರ ನಂತರ ಇಷ್ಟು ಕೆಟ್ಟ ಲೀಗ್ ಸೀಸನ್ ಅದಕ್ಕೆ ಬಂದಿರಲಿಲ್ಲ.

2025ರ ಮೇ 25ರ ಭಾನುವಾರದ ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಿಂದಿನ ದಿನವಷ್ಟೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತ್ತು, ನಮ್ಮಲ್ಲಿಯೂ ಮಳೆ ಹಿಡಿದುಕೊಂಡಿತ್ತು. ನಾಲ್ಕು ದಿನ ಮುಂಚೆ ಸ್ಪೇನಿನ ಬಿಲ್ಬಾವೊದಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಯುರೋಪಾ ಲೀಗ್ ಫೈನಲ್ಲನ್ನು ಯುನೈಟೆಡ್ 1–0ರಿಂದ ಸೋತಿತ್ತು. ಮಧ್ಯರಾತ್ರಿ ಹನ್ನೆರಡೂವರೆಗೆ ಶುರುವಾದ ಆ ಪಂದ್ಯವನ್ನು ಎಲ್ಲರೂ ತಂತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ನೋಡಿ, ಒಬ್ಬೊಬ್ಬರೇ ನುಂಗಿಕೊಂಡಿದ್ದರು. ಲೀಗಿನ ಕೊನೆಯ ದಿನವಾದ್ದರಿಂದ ಆ ಭಾನುವಾರ ಎಲ್ಲ ಪಂದ್ಯಗಳೂ ನಮ್ಮ ಎಂಟೂವರೆಗೆ ಒಟ್ಟಿಗೇ ಶುರುವಾದವು. ಯುನೈಟೆಡ್‌ಗೆ ಎದುರಾಗಿದ್ದದ್ದು ಆಸ್ಟನ್ ವಿಲ್ಲಾ. ವಿರಾಮದ ವೇಳೆಗೆ ಒಂದು ಸಲ ಕರೆಂಟು ಹೋಗಿ, ಯುಪಿಎಸ್ಸಿನ ಎರಡು ದೀಪಗಳ ಬೆಳಕಿನಲ್ಲಿ ಚರ್ಚೆ ಶುರುವಾಯಿತು.

ಆಲ್ದೂರು ಕಡೆಯ ಎಸ್ಟೇಟೊಂದರಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿರುವ ಹಿರಿಯರು, ಮ್ಯಾನೇಜರ್ ಪಕ್ಷದವರು, ಎಂದಿನಂತೆ ಯುನೈಟೆಡ್‌ನ ಹಳೆಯ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಹೆಸರೆತ್ತಿದರು. 1986ರಲ್ಲಿ ಬಂದ ಫರ್ಗುಸನ್ 1989–90ರಲ್ಲಿ ತಂಡವನ್ನು 13ನೇ ಸ್ಥಾನದಲ್ಲಿ ನಿಲ್ಲಿಸಿದ್ದರು. ಆ ವರ್ಷದ ಎಫ್‌ಎ ಕಪ್ಪಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಮಾರ್ಕ್ ರಾಬಿನ್ಸ್ ಹೊಡೆದ ಗೋಲು, ಕೊನೆಗೆ ಕೈಸೇರಿದ ಕಪ್ಪು ಅವರನ್ನು ಉಳಿಸಿದವು ಎಂದೇ ಹೇಳುತ್ತಾರೆ. ಮೊದಲ ಲೀಗ್ ಪ್ರಶಸ್ತಿ ಬಂದದ್ದು 1992–93ರಲ್ಲಿ, 2013ರಲ್ಲಿ ನಿವೃತ್ತರಾಗುವಾಗ ಲೆಕ್ಕ 13ಕ್ಕೆ ನಿಂತಿತ್ತು. "ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ವರ್ಷ ಕಾಯ್ತೀವಿ. ಇವರು ನೆಟ್ಟು ಏಳು ತಿಂಗಳೂ ಆಗಿಲ್ಲ, ಕೊಯ್ಲು ಎಲ್ಲಿ ಅಂತ ಕೇಳ್ತೀರಲ್ಲ ಮಾರಾಯ್ರೆ" ಎಂದರು.

ಎಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಅಷ್ಟೇ ಮರ್ಯಾದೆಯಿಂದ ಕೇಳಿದ: "ಬೋರರ್ ಹುಳ ಹತ್ತಿದ ಗಿಡಕ್ಕೂ ಮೂರು ವರ್ಷ ಕಾಯ್ತೀರಾ ಸಾರ್? ಕಿತ್ತು ಸುಡ್ತೀರಲ್ಲ?"

ಅಂಗಡಿಗೆ ಅಂಗಡಿಯೇ ನಕ್ಕಿತು. ರೈಟರೂ ನಕ್ಕರು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಬೋರರ್ ಹತ್ತಿದೆಯೋ ಇಲ್ಲವೋ ಎಂಬುದನ್ನು ಎಲೆ ಹಳದಿಯಾದದ್ದಷ್ಟರಿಂದಲೇ ತೀರ್ಮಾನಿಸಬಾರದು, ಕಾಂಡ ನೋಡಬೇಕು ಎಂದು ಅವರು ಹೇಳಿದ್ದು ನನಗೆ ಆ ವರ್ಷ ಕೇಳಿದ ವಾದಗಳಲ್ಲೆಲ್ಲ ತೂಕದ್ದೆಂದು ತೋರಿತು. ಅಂಕಪಟ್ಟಿ ಎಲೆಯಿದ್ದಂತೆ; ಮ್ಯಾನೇಜರ್ ಹೇಳುವ ಆಟಕ್ಕೂ ಆಟಗಾರರು ಆಡುವ ಆಟಕ್ಕೂ ವಾರದಿಂದ ವಾರಕ್ಕೆ ಅಂತರ ಕಡಿಮೆಯಾಗುತ್ತಿದೆಯೇ ಎಂಬುದು ಕಾಂಡ. ಆ ಪರೀಕ್ಷೆಯಲ್ಲಿ ಅಮೊರಿಮ್ ಪಾಸಾಗಿದ್ದಾರೆಂದು ಹೇಳುವ ಧೈರ್ಯ ನನಗಿರಲಿಲ್ಲ. ಆದರೂ ಸೀಸನ್ ನಡುವೆ ಬಂದವರಿಗೆ ತಾವೇ ತಯಾರು ಮಾಡಿದ ತಂಡದೊಂದಿಗೆ ಒಂದು ಆರಂಭವನ್ನಾದರೂ ಕೊಡಬೇಕೆಂಬ ಪಕ್ಷಕ್ಕೇ ಆಗ ನನ್ನ ಮತವಿತ್ತು, ಆ ಡಿಸೆಂಬರ್ ತನಕ ಮಾತ್ರ.

ಯುನೈಟೆಡ್ ಅಂದು 2–0ರಿಂದ ಗೆದ್ದಿತು. ಪಂದ್ಯ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚುವ ಸಮಯವಾಗಿತ್ತು. ಅಮೊರಿಮ್ ಮೈದಾನದ ನಡುವೆ ಮೈಕ್ ಹಿಡಿದು ಅಭಿಮಾನಿಗಳ ಕ್ಷಮೆ ಕೇಳುತ್ತಿದ್ದರು. ಯಜಮಾನರು ಶಟರನ್ನು ಅರ್ಧ ಎಳೆದು, ಅದರ ಹಿಡಿಯನ್ನು ಬಿಡದೆ, ತಲೆ ಹಿಂದಕ್ಕೆ ತಿರುಗಿಸಿ, ಮಾತು ಮುಗಿಯುವವರೆಗೂ ಹಾಗೆಯೇ ನಿಂತಿದ್ದರು. ಇಡೀ ವರ್ಷದಲ್ಲಿ ಅವರು ಹತ್ತೂವರೆ ಮೀರಿದ್ದು ಅದೊಂದೇ ಸಲ.

ಜೂನ್ 6ರಂದು ಟಾಟನ್‌ಹ್ಯಾಮ್ ತನ್ನ ಮ್ಯಾನೇಜರ್ ಆಂಜ್ ಪೋಸ್ಟೆಕೊಗ್ಲು ಅವರನ್ನು ತೆಗೆದುಹಾಕಿದ ಮೇಲೆ, ಪಂದ್ಯವಿಲ್ಲದಿದ್ದರೂ ಒಂದು ಸಂಜೆ ಎಲ್ಲರೂ ತಾವಾಗಿಯೇ ಸೇರಿದ್ದರು. ಎರಡನೇ ವರ್ಷದಲ್ಲಿ ಏನನ್ನಾದರೂ ಗೆದ್ದೇ ಗೆಲ್ಲುತ್ತೇನೆಂದು ಮುಂಚೆಯೇ ಹೇಳಿ, ಹೇಳಿದಂತೆ ಕಪ್ಪು ತಂದವರು ಅವರು. ಲೀಗಿನಲ್ಲಿ 22 ಪಂದ್ಯ ಸೋತು 17ನೆಯವರಾದವರೂ ಅವರೇ. ಫೈನಲ್ ಗೆದ್ದವರ ಕೆಲಸ ಹೋಯಿತು, ಅದೇ ಫೈನಲ್ ಸೋತವರ ಕೆಲಸ ಆಗ ಉಳಿಯಿತು. ನಮ್ಮಲ್ಲಿರುವ ಏಕೈಕ ಟಾಟನ್‌ಹ್ಯಾಮ್ ಅಭಿಮಾನಿ, ಬ್ಯಾಂಕ್ ಉದ್ಯೋಗಿ, ಸಂಭ್ರಮಿಸಬೇಕೋ ಶೋಕಿಸಬೇಕೋ ತಿಳಿಯದೆ ಎಲ್ಲರಿಗೂ ಕಾಫಿ ಕೊಡಿಸಿದರು. ಆಗ ಬೆಂಗಳೂರು ಎಫ್‌ಸಿಯ ಮಾತೂ ಬಂತು: 2023–24ರಲ್ಲಿ ತಂಡ ಹತ್ತನೆಯದಾದರೂ ಕೋಚ್ ಜೆರಾರ್ಡ್ ಝರಗೋಝಾ ಅವರನ್ನು ಉಳಿಸಿಕೊಂಡರು, ಮರುವರ್ಷ ಅವರೇ ಅದನ್ನು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ಲಿಗೆ ಒಯ್ದರು, ಅಲ್ಲಿ ಹೆಚ್ಚುವರಿ ವೇಳೆಯಲ್ಲಿ ಮೋಹನ್ ಬಗಾನ್‌ಗೆ ಸೋತದ್ದು ಬೇರೆ ಮಾತು. ರೈಟರಿಗೆ ಹುರುಪು ಬಂತು. ಕಾಲೇಜಿನ ಹುಡುಗ ಮಾತ್ರ, ಫೈನಲ್ ಸೋತವರನ್ನೇ ಉದಾಹರಣೆ ಕೊಡುವುದು ನಮ್ಮ ಚಾಳಿಯಾಗಿಬಿಟ್ಟಿದೆ ಎಂದ.

ಆಟವೂ ಇಲ್ಲದ, ಕೂಪನ್ನೂ ಇಲ್ಲದ ಆ ಸಂಜೆಯ ಕಾಫಿ ಮೊದಲನೇ ಡಿಕಾಕ್ಷನ್ನಿನದಾಗಿತ್ತು. ಎರಡನೆಯದು ಕೇಳಿದಾಗಲೂ ಹಾಗೆಯೇ ಬಂತು. ಆಟದ ದಿನವೂ ಹೀಗೇ ಕೊಡಬಾರದೇ ಎಂದು ಕೇಳಿದ್ದಕ್ಕೆ ಯಜಮಾನರು, ಅಡುಗೆಮನೆಗೆ ಹೊಸ ಹುಡುಗ ಬಂದಿದ್ದಾನೆ, ಸ್ವಲ್ಪ ಸಮಯ ಕೊಡಿ ಎಂದರು. ಡಿಸೆಂಬರ್ ತನಕ ಎಂದೆ.

ಆಗಸ್ಟಿನಲ್ಲಿ ಮತ್ತೆ ಲೀಗ್ ಶುರುವಾಗುವಾಗ ಹೋಗುವವರು ಆಟಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಎರಡನೇ ಸಾಲಿನ ಎಡಗಡೆಯ ಟೇಬಲ್ ಹಿಡಿಯಬೇಕು. ಬಲಗಡೆ ಕುಳಿತರೆ ತೇವದ ಕಲೆ ಕಣ್ಣಿಗೆ ಅಡ್ಡವಾಗುತ್ತದೆ, ಕಿಟಕಿಯ ಪಕ್ಕ ಕುಳಿತರೆ ಇರಚಲು ಹೊಡೆಯುತ್ತದೆ.