ಎಂಜಿಬಿಗೆ ಓವರ್‌ಡ್ರೈವ್ ಸಾಕಾ, ಐದು ಗೇರಿನ ಬಾಕ್ಸೇ ಬೇಕಾ?

ಎಂಜಿಬಿ ಅಂದರೆ ನಾಲ್ಕು ಗೇರಿನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಓವರ್‌ಡ್ರೈವ್ ಅಂದರೆ ಅದರ ಗೇರ್‌ಬಾಕ್ಸ್ ಹಿಂದೆ ಕೂರುವ ಹೆಚ್ಚುವರಿ ಘಟಕ, ಹಾಕಿದರೆ ಅದೇ ವೇಗಕ್ಕೆ ಇಂಜಿನ್ ನಿಧಾನವಾಗಿ ತಿರುಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಓವರ್‌ಡ್ರೈವ್ ಪಾರ್ಟಿ. ಇರುವುದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಎಂಜಿಬಿಗೆ ಹಾಕುತ್ತಿದ್ದ ಲೇಕಾಕ್ ಕಂಪನಿಯ ಓವರ್‌ಡ್ರೈವ್ ತಯಾರಾಗುತ್ತಿದ್ದದ್ದೂ ಇದೇ ಊರಲ್ಲಿ. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂದುಕೊಳ್ಳಿ. ಈಗಿರುವುದು ಓವರ್‌ಡ್ರೈವ್ ಇರುವ 1972ರ ಎಂಜಿಬಿ. ಅದಕ್ಕೂ ಮುಂಚೆ ಇದ್ದ ಎಂಜಿಬಿಗೆ ಹಳೇ ಮಾಲೀಕರು ಫೋರ್ಡ್ ಸಿಯೆರಾ ಕಾರಿನ ಐದು ಗೇರಿನ ಬಾಕ್ಸ್ ಕೂರಿಸಿದ್ದರು. ಎರಡನ್ನೂ ಎರಡೆರಡು ವರ್ಷ ಓಡಿಸಿದ್ದೇನೆ.

ಮೋಟರ್‌ವೇಯಲ್ಲಿ ಎರಡೂ ಒಂದೇ. ಬರೀ ನಾಲ್ಕನೇ ಗೇರಲ್ಲಿ 70 ಮೈಲಿ ವೇಗ ಹಿಡಿದರೆ ಇಂಜಿನ್ 3,900 ಆರ್‌ಪಿಎಂ ಹತ್ತಿರ ಅರಚುತ್ತಿರುತ್ತದೆ. ಓವರ್‌ಡ್ರೈವ್ ಹಾಕಿದರೂ ಐದನೇ ಗೇರ್ ಹಾಕಿದರೂ ಸುಮಾರು 3,200ಕ್ಕೆ ಇಳಿಯುತ್ತದೆ.

ಇಲ್ಲಿಗೆ ಹತ್ತಿರದ ಸ್ನೇಕ್ ಪಾಸ್ ಅನ್ನೋ ಬೆಟ್ಟದ ರಸ್ತೆ ಹತ್ತುವಾಗ ಮಾತ್ರ ಕಥೆ ಬೇರೆ. ಮೂರನೇ ಗೇರಲ್ಲಿ ಹೋಗುತ್ತಾ, ಕ್ಲಚ್ ಮುಟ್ಟದೆ, ಸ್ಟಿಯರಿಂಗ್ ಪಕ್ಕದ ಕಡ್ಡಿಯನ್ನು (ಅದೇ ಓವರ್‌ಡ್ರೈವ್ ಸ್ವಿಚ್ಚು) ಬೆರಳಲ್ಲಿ ತಳ್ಳಿದರೆ ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಇನ್ನೊಂದು ಗೇರ್ ಸಿಕ್ಕ ಹಾಗಾಗುತ್ತದೆ. ಸಿಯೆರಾ ಬಾಕ್ಸಲ್ಲಿ ಈ ಮಜಾ ಇಲ್ಲ. ಅದರ ಮೊದಲ ಗೇರೂ ತೀರಾ ಗಿಡ್ಡ, ಸಿಗ್ನಲ್ ದಾಟುವಷ್ಟರಲ್ಲಿ ಮುಗಿದಿರುತ್ತದೆ.

ಆದರೆ ಓವರ್‌ಡ್ರೈವ್ ನನ್ನನ್ನು ಅಳಿಸಿದ್ದೂ ಉಂಟು. ಕಳೆದ ಚಳಿಗಾಲದಲ್ಲಿ ಒಂದು ದಿನ ಎಂ1 ಮೋಟರ್‌ವೇಯಲ್ಲಿ ಕಡ್ಡಿ ತಳ್ಳಿದರೆ ಏನೂ ಆಗಲಿಲ್ಲ. ಗ್ಯಾರೇಜಿನವರು ಕಾರು ಎತ್ತಿಯೂ ನೋಡದೆ "ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಇಳಿಸುವುದು ಅಂದರೆ ಇಂಜಿನ್ನನ್ನೂ ಹೊರಗೆ ಎಳೆಯುವುದು. ಅವರು ಹೇಳಿದ ರೇಟಿಗೆ ಬೆಂಗಳೂರಿಗೆ ಹೋಗಿ ಬರಬಹುದಿತ್ತು!

ಮನೆಗೆ ತಂದು ನಾನೇ ನೋಡಿದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ, ನಾಲ್ಕನೇ ಗೇರಿಗೆ ಹಾಕಿ ಕಡ್ಡಿ ತಳ್ಳಿದರೆ ಕೆಳಗಿನಿಂದ ಸೊಲೆನಾಯ್ಡ್ (ಕರೆಂಟ್ ಬಂದರೆ ಓವರ್‌ಡ್ರೈವ್ ಚಾಲೂ ಮಾಡುವ ವಿದ್ಯುತ್ ಭಾಗ) 'ಟಕ್' ಅನ್ನಬೇಕು. ಅನ್ನಲಿಲ್ಲ. ಅಂದರೆ ಕರೆಂಟೇ ಹೋಗುತ್ತಿಲ್ಲ ಅಲ್ವಾ? ಕಾರಿನ ಕೆಳಗೆ ತೂರಿ, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕಿಸಿಕೊಂಡು ವೈರ್ ಹಿಡಿದು ಹೋದರೆ, ಗೇರ್‌ಬಾಕ್ಸ್ ಪಕ್ಕದ ಬುಲೆಟ್ ಕನೆಕ್ಟರಿಗೆ, ಅಂದರೆ ವೈರ್ ಸಿಕ್ಕಿಸುವ ಜೋಡಣೆಗೆ, ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಸಿಕ್ಕಿಸಿದೆ, ಟಕ್. ಬೆಟ್ಟ ಅಗೆದು ಇಲಿ ಹಿಡಿಯೋಕೆ ಹೊರಟಿದ್ದರು ಪುಣ್ಯಾತ್ಮರು.

ಆಯಿಲ್ ವಿಷಯ: ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಎಣ್ಣೆ, 20ಡಬ್ಲ್ಯೂ-50 ಇಂಜಿನ್ ಆಯಿಲ್.

ನಾನು ಭಾನುವಾರ ಮಾತ್ರ ಕಾರು ತೆಗೆಯುವವನು, ಕೈಗೆ ಮಸಿ ಆದರೆ ಬೇಜಾರಿಲ್ಲ, ಗ್ಯಾರೇಜಿಗೆ ಸುರಿಯಲು ದುಡ್ಡೂ ಇಲ್ಲ. ದಿನಾ ಇದರಲ್ಲೇ ಕೆಲಸಕ್ಕೆ ಹೋಗುವವರು, ಕೆಳಗೆ ತೂರಲು ಮನಸ್ಸಿಲ್ಲದವರು ಸುಮ್ನೆ ಐದು ಗೇರಿನದ್ದೇ ಹಾಕಿಸಿಕೊಳ್ಳಿ. ಆದರೆ ತೆಗೆದ ಹಳೇ ಓವರ್‌ಡ್ರೈವ್ ಬಾಕ್ಸನ್ನು ಗುಜರಿಗೆ ಹಾಕಬೇಡಿ, ನನ್ನ ಶೆಡ್ಡಿನಲ್ಲಿ ಜಾಗ ಇದೆ.