ಕತ್ತುನೋವಿನ ಜೊತೆ ಒಂದು ಕಣ್ಣಿನ ರೆಪ್ಪೆ ಇಳಿದರೆ ‘ಆಯಾಸ’ ಅಂತ ಸುಮ್ಮನಾಗಬೇಡಿ

ಕತ್ತಿನ ಒಂದು ಪಕ್ಕ ಹೊಸದಾಗಿ ನೋವು, ಅದೇ ಪಕ್ಕದ ರೆಪ್ಪೆ ಸ್ವಲ್ಪ ಇಳಿದಿದೆ, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿದೆ. ಇಷ್ಟು ಒಟ್ಟಿಗೆ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಆಗಲೇ ತುರ್ತು ಚಿಕಿತ್ಸಾ ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ರೆಪ್ಪೆ, ಪಾಪೆಯ ಈ ಬದಲಾವಣೆಗೆ ಹಾರ್ನರ್ ಸಿಂಡ್ರೋಮ್ ಅನ್ನುತ್ತಾರೆ.

ನಮ್ಮ ಯಜಮಾನರಿಗೆ ಇದು ಬಂದಾಗ ಮೊದಲು ನೋಡಿದ ಕಣ್ಣಿನ ಕ್ಲಿನಿಕ್‌ನಲ್ಲಿ ‘ಕಂಪ್ಯೂಟರ್ ಜಾಸ್ತಿ ನೋಡ್ತೀರಾ, ಆಯಾಸ’ ಅಂತ ಡ್ರಾಪ್ಸ್ ಕೊಟ್ಟು ಕಳಿಸಿದರು. ಕತ್ತುನೋವಿನ ವಿಷಯ ನಾವೇ ಎತ್ತಿದರೂ ‘ಅದಕ್ಕೂ ಇದಕ್ಕೂ ಸಂಬಂಧ ಇಲ್ಲ’ ಅಂದರು. ಸಂಬಂಧ ಇತ್ತು. ಆ ಮಾತಿನಿಂದ ಕಳೆದುಹೋದ ದಿನಗಳನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಪಾಪೆಯನ್ನು ಹಿಗ್ಗಿಸುವ, ರೆಪ್ಪೆಯನ್ನು ಎತ್ತಿ ಹಿಡಿಯಲು ನೆರವಾಗುವ ಸಿಂಪಥೆಟಿಕ್ ನರ ಮೆದುಳಿನಿಂದ ನೇರವಾಗಿ ಕಣ್ಣಿಗೆ ಬರುವುದಿಲ್ಲ. ಬೆನ್ನುಹುರಿಯಲ್ಲಿ ಎದೆಯ ಮಟ್ಟದವರೆಗೆ ಇಳಿದು, ಶ್ವಾಸಕೋಶದ ತುದಿಯ ಪಕ್ಕದಲ್ಲೇ ಹಾದು, ಮತ್ತೆ ಕತ್ತಿಗೆ ಏರಿ, ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳವನ್ನು ಬಳ್ಳಿಯ ಹಾಗೆ ಸುತ್ತಿಕೊಂಡು ಕಣ್ಣು ತಲುಪುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಂದರೆಯಾದರೂ ಅದು ಕಣ್ಣಲ್ಲಿ ಕಾಣುತ್ತದೆ. ಇವರಿಗೆ ಆಗಿದ್ದು ಕ್ಯಾರೋಟಿಡ್‌ನ ಒಳಪದರದಲ್ಲಿ ಸೀಳು. ಅಂಥ ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಆ ಅಪಾಯ ಮೊದಲ ಕೆಲವು ದಿನ, ವಾರಗಳಲ್ಲೇ ಹೆಚ್ಚು.

ಕೊನೆಗೆ ಗುರುತು ಹಿಡಿದ ನರರೋಗ ತಜ್ಞರು ಮಾಡಿದ ಮೊದಲ ಕೆಲಸ, ಕೋಣೆಯ ದೀಪ ಆರಿಸಿದ್ದು. ಮಂದ ಬೆಳಕಿನಲ್ಲಿ ಟಾರ್ಚನ್ನು ಗಲ್ಲದ ಕೆಳಗಿನಿಂದ ಓರೆಯಾಗಿ ಹಿಡಿದು ‘ನೀವೂ ನೋಡಿ ಅಮ್ಮಾ’ ಅಂತ ನನ್ನನ್ನು ಕರೆದರು. ಒಂದು ಪಾಪೆ ತಕ್ಷಣ ಅಗಲವಾಯಿತು. ಇನ್ನೊಂದು ಹಿಂದೆಯೇ ಉಳಿದು, ನಿಧಾನಕ್ಕೆ, ಅರೆಮನಸ್ಸಿನಿಂದ ಅನ್ನುವಂತೆ ಸ್ವಲ್ಪ ಹಿಗ್ಗಿತು. ಬೆಳಕಿನಲ್ಲಿ ಎರಡೂ ಕುಗ್ಗುವುದರಿಂದ ವ್ಯತ್ಯಾಸ ಕಡಿಮೆ ಕಾಣುತ್ತದೆ. ಕ್ಲಿನಿಕ್‌ನಲ್ಲಿ ನೋಡಿದ್ದು ಝಗಝಗಿಸುವ ಬೆಳಕಿನಲ್ಲಿ. ಇಳಿದ ರೆಪ್ಪೆ, ಚಿಕ್ಕ ಪಾಪೆ 1869ರಲ್ಲೇ ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಹಾರ್ನರ್ ವಿವರಿಸಿಟ್ಟ ಲಕ್ಷಣ. ಅನುಮಾನ ಬರಲು ಒಂದು ಟಾರ್ಚು, ಒಂದು ಕತ್ತಲೆ ಕೋಣೆ ಸಾಕಿತ್ತು. ನನಗೆ ಸಿಟ್ಟು ಬರುವುದೇ ಇಲ್ಲಿ.

ರೆಪ್ಪೆ ಪೂರ್ತಿ ಮುಚ್ಚಿಕೊಳ್ಳುತ್ತದೆ ಅಂತ ಕಾಯಬೇಡಿ. ಇಳಿಯುವುದು ಒಂದೆರಡು ಮಿಲಿಮೀಟರ್ ಅಷ್ಟೇ, ದೃಷ್ಟಿ ಚೆನ್ನಾಗೇ ಇರಬಹುದು. ಮುಖದ ಆ ಅರ್ಧ ಬೆವರುವುದಿಲ್ಲ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಮುಖದ ಬೆವರಿನ ನರಗಳು ಬಹುಪಾಲು ಕತ್ತಿನಲ್ಲೇ ಕವಲೊಡೆದು ಬೇರೆ ದಾರಿ ಹಿಡಿಯುತ್ತವೆ. ಹಾಗಾಗಿ ಕ್ಯಾರೋಟಿಡ್ ಸೀಳಿನಲ್ಲಿ ಮುಖ ಮಾಮೂಲಾಗೇ ಬೆವರಬಹುದು. ಇವರ ಮುಖ ಬೆವರುತ್ತಲೇ ಇತ್ತು.

ಹಾರ್ನರ್ ಹೌದೋ ಅಲ್ಲವೋ ನೋಡಲು ಅಪ್ರಾಕ್ಲೋನಿಡಿನ್ ಅನ್ನುವ ಡ್ರಾಪ್ಸ್ ಹಾಕಿದಾಗ ಚಿಕ್ಕ ಪಾಪೆ ದೊಡ್ಡದಾಗಿ, ರೆಪ್ಪೆ ಮೇಲೆದ್ದಿತು. ಅಲ್ಲಿಗೆ ಖಚಿತ. ಆದರೆ ತೊಂದರೆ ಶುರುವಾದ ಮೊದಲ ದಿನಗಳಲ್ಲಿ ಈ ಪರೀಕ್ಷೆ ಸುಳ್ಳು ಸಮಾಧಾನ ಕೊಡಬಹುದಂತೆ, ಅದಕ್ಕಾಗಿ ಸ್ಕ್ಯಾನ್ ತಡಮಾಡಬಾರದು. ತಲೆಯಿಂದ ಎದೆಯ ಮೇಲ್ಭಾಗದವರೆಗೆ ರಕ್ತನಾಳಗಳ ಸ್ಕ್ಯಾನ್ ಮಾಡಿದರು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಶುರುವಾಯಿತು. ಪಾರ್ಶ್ವವಾಯು ಆಗಲಿಲ್ಲ. ರೆಪ್ಪೆ ಇನ್ನೂ ಸ್ವಲ್ಪ ಇಳಿದೇ ಇದೆ.

ಕತ್ತುನೋವು ಅಂದ ಕೂಡಲೇ ನೀವಿಸಿಕೊಳ್ಳಿ, ನೆಟಿಕೆ ತೆಗೆಸಿ ಅನ್ನುವವರು ಬಹಳ. ಕಣ್ಣಲ್ಲಿ ಈ ಬದಲಾವಣೆ ಇದ್ದರೆ ಕತ್ತಿಗೆ ಯಾರೂ ಕೈ ಹಾಕಬಾರದು.

ಕತ್ತುನೋವಿಲ್ಲದಿದ್ದರೂ ಬಿಡುವ ವಿಷಯವಲ್ಲ. ಶ್ವಾಸಕೋಶದ ತುದಿಯ ಗಡ್ಡೆಯೂ ಇದೇ ನರವನ್ನು ಒತ್ತಬಹುದು, ಆಗ ಭುಜ, ತೋಳಿನಲ್ಲಿ ನೋವು ಇರಬಹುದು. ಕಣ್ಣಿನ ಬದಲಾವಣೆ ಹೊಸದೋ ಹಳೆಯದೋ ಗೊತ್ತಾಗದಿದ್ದರೆ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ಕಣ್ಣು ಹೋಲಿಸಿ, ವೈದ್ಯರಿಗೂ ತೋರಿಸಿ. ಪುಟ್ಟ ಮಕ್ಕಳಲ್ಲಿ ಕಂಡರೆ ನ್ಯೂರೋಬ್ಲಾಸ್ಟೋಮಾ ಅನ್ನುವ ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ಅಪ್ರಾಕ್ಲೋನಿಡಿನ್ ಎಳೆಗೂಸುಗಳಿಗೆ ವಿಪರೀತ ಮಂಪರು ತಂದು ಉಸಿರಾಟಕ್ಕೂ ತೊಂದರೆ ಮಾಡಬಹುದು, ಆದ್ದರಿಂದ ಮಗುವಿನ ಕಣ್ಣಿಗೆ ಯಾವ ಡ್ರಾಪ್ಸ್ ಹಾಕುತ್ತಿದ್ದಾರೆ ಅಂತ ಮೊದಲೇ ಕೇಳಿ.